ಗಂಟಲು ಕಟ್ಟಿದ ಬ್ಯಾರಲ್: .22-250 ರೈಫಲ್ ಕುರಿತ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಕೊಡಗಿನವನು, ದಕ್ಷಿಣ ಡಕೋಟಾದಲ್ಲಿ ಕೆಲಸದಲ್ಲಿದ್ದೇನೆ. ನನ್ನ ಬಳಿ .22-250 ರೆಮಿಂಗ್ಟನ್ ಬೋಲ್ಟ್ ಆಕ್ಷನ್ ರೈಫಲ್ ಇದೆ. 26 ಇಂಚಿನ ದಪ್ಪ ಬ್ಯಾರಲ್, 14 ಇಂಚಿಗೆ ಒಂದು ಸುತ್ತಿನ ಟ್ವಿಸ್ಟ್. ಪ್ರೇರಿ ಡಾಗ್ (ಬಯಲಲ್ಲಿ ಬಿಲ ತೋಡುವ ಅಳಿಲು ಜಾತಿಯ ಪ್ರಾಣಿ) ಹೊಡೆಯಲು ತೋಟೆಗಳನ್ನು ನಾನೇ ತುಂಬಿಕೊಳ್ಳುತ್ತೇನೆ. ಇದುವರೆಗೆ ಸುಮಾರು 900 ಗುಂಡು ಹಾರಿಸಿದ್ದೇನೆ. ಮೊದಲೆಲ್ಲ 100 ಗಜಕ್ಕೆ ಐದು ಗುಂಡು ಅರ್ಧ ಇಂಚಿನೊಳಗೆ ಬೀಳುತ್ತಿದ್ದವು, ಈಗ ಒಂದೂವರೆ ಇಂಚಿಗೆ ಹರಡುತ್ತಿವೆ. ಪ್ರತಿ ಸಲವೂ ತಾಮ್ರ ತೆಗೆಯುವ ದ್ರಾವಣ ಹಾಕಿ ಉಜ್ಜುತ್ತೇನೆ, ಆದರೆ ಪ್ಯಾಚ್ ಬಟ್ಟೆಗೆ ನೀಲಿ ಬರುವುದು ನಿಲ್ಲುವುದೇ ಇಲ್ಲ. ಮಾರ್ಚ್‌ನಲ್ಲಿ ಸಲೀಸಾಗಿದ್ದ ಅದೇ ತೋಟೆಗಳು ಜುಲೈ ಮಧ್ಯಾಹ್ನ ಹೊಡೆದಾಗ ಬೋಲ್ಟ್ ಎತ್ತಲು ಬಿಗಿಯಾಗಿತ್ತು. ಕೇಸುಗಳನ್ನು ಐದನೇ ಸಲ ತುಂಬಿದ್ದು, ಒಮ್ಮೆಯೂ ಬಾಯಿ ಕತ್ತರಿಸಿ ಟ್ರಿಮ್ ಮಾಡಿಲ್ಲ. ಬ್ಯಾರಲ್ ಮುಗಿಯಿತೇ? ಊರಲ್ಲಿ ಅಜ್ಜ ಕೇಪಿನ ಕೋವಿಯನ್ನು ಬಿಸಿನೀರು ಹುಯ್ದು ತೊಳೆಯುತ್ತಿದ್ದರು, ಇದಕ್ಕೂ ಹಾಗೆ ಮಾಡಬಹುದೇ? ಗೆಳೆಯರೊಬ್ಬರು .17 ರೆಮಿಂಗ್ಟನ್ ತೆಗೆದುಕೋ ಎನ್ನುತ್ತಿದ್ದಾರೆ, ತೆಗೆದುಕೊಳ್ಳಲೇ?

ಉತ್ತರ: ಮೊದಲು, ಆ ಡಬ್ಬಿಯಲ್ಲಿ ಉಳಿದಿರುವ ತೋಟೆಗಳನ್ನು ಇನ್ನು ಒಂದೂ ಹೊಡೆಯಬೇಡಿ. ಬೋಲ್ಟ್ ಬಿಗಿಯಾಗಿದೆ ಎಂದರೆ ಒತ್ತಡ ಮಿತಿ ದಾಟಿದೆ ಎಂದೇ ತಿಳಿಯಬೇಕು. .22-250ಗೆ ಅಮೆರಿಕದ ಉದ್ಯಮ ಮಾನದಂಡ ಇಟ್ಟಿರುವ ಗರಿಷ್ಠ ಒತ್ತಡ ಚದರ ಇಂಚಿಗೆ 65,000 ಪೌಂಡ್. .223ರ 55,000ಕ್ಕೆ ಹೋಲಿಸಿದರೆ ಇದು ಈಗಾಗಲೇ ಅಟ್ಟದ ಮೇಲೆ ಕೂತಿರುವ ತೋಟೆ, ಅದರ ಮೇಲೆ ಹತ್ತಲು ಜಾಗವಿಲ್ಲ. ಉಳಿದ ತೋಟೆಗಳನ್ನು ಬುಲೆಟ್ ಪುಲ್ಲರ್‌ನಿಂದ ಬಿಚ್ಚಿ. ಬಿಚ್ಚುವಾಗ ಕಣ್ಣಿಗೆ ಕನ್ನಡಕ ಇರಲಿ. ಸಿಕ್ಕಿದ ಮದ್ದು ಯಾವುದೆಂದು ನೂರಕ್ಕೆ ನೂರು ಗೊತ್ತಿಲ್ಲದಿದ್ದರೆ ಮತ್ತೆ ಡಬ್ಬಿಗೆ ಸುರಿಯಬೇಡಿ.

ಮುಂದಿನ ಮಾತಿನಲ್ಲಿ ಗೊಂದಲ ಬೇಡವೆಂದು: ತೋಟೆ ಎಂದರೆ ಇಡೀ ಕಾರ್ಟ್ರಿಜ್, ಗುಂಡು ಎಂದರೆ ಮುಂದಿನ ಬುಲೆಟ್ ಮಾತ್ರ, ಕೇಸು ಎಂದರೆ ಹಿತ್ತಾಳೆ, ಮದ್ದು ಎಂದರೆ ಪೌಡರ್, ಪ್ರೈಮರ್‌ಗೆ ನಮ್ಮ ಕಡೆಯ ಕೇಪು. ಚೇಂಬರ್ ಎಂದರೆ ಬ್ಯಾರಲ್‌ನ ಹಿಂತುದಿಯಲ್ಲಿ ತೋಟೆ ಕೂರುವ ಗೂಡು, ರೈಫ್ಲಿಂಗ್ ಎಂದರೆ ನಳಿಗೆಯೊಳಗಿನ ಸುರುಳಿ ಗೀರು. ಗಂಟಲು ಎಂದರೆ ಚೇಂಬರ್ ಮುಗಿದು ರೈಫ್ಲಿಂಗ್ ಶುರುವಾಗುವ ಜಾಗ. ನಿಮ್ಮ ತೊಂದರೆಯ ಮುಕ್ಕಾಲು ಪಾಲು ಇರುವುದು ಈ ಗಂಟಲಲ್ಲೇ. ಅದು ಬಂದದ್ದು ಮಾತ್ರ ರೀಲೋಡಿಂಗ್ ಮೇಜಿನಿಂದ.

ಬ್ಯಾರಲ್ ಮುಗಿದಿದೆಯೇ ಎಂಬುದನ್ನು ಕಡೆಗೆ ನೋಡೋಣ. ಅದಕ್ಕಿಂತ ಮೊದಲು ಹತ್ತು ನಿಮಿಷದ ಕೆಲಸವೊಂದಿದೆ. ಸ್ಟಾಕ್‌ನ ಆಕ್ಷನ್ ಸ್ಕ್ರೂಗಳು, ಸ್ಕೋಪಿನ ಬೇಸ್ ಮತ್ತು ರಿಂಗ್ ಸ್ಕ್ರೂಗಳು ತಯಾರಕರು ಹೇಳಿದ ಟಾರ್ಕ್‌ನಲ್ಲಿ ಇವೆಯೇ ನೋಡಿ. ಒಂದು ಸಡಿಲ ಸ್ಕ್ರೂ ಅರ್ಧ ಇಂಚನ್ನು ಒಂದೂವರೆ ಇಂಚು ಮಾಡಬಲ್ಲದು, ಆಮೇಲೆ ನೀವು ಬ್ಯಾರಲನ್ನು ಎಷ್ಟು ಉಜ್ಜಿದರೂ ಅದು ಬಿಗಿಯಾಗುವುದಿಲ್ಲ.

ಕೇಸಿನ ಉದ್ದ

.22-250 ಕೇಸಿನ ಗರಿಷ್ಠ ಉದ್ದ 1.912 ಇಂಚು. ಟ್ರಿಮ್ ಮಾಡುವಾಗ 1.902ಕ್ಕೆ ತರುತ್ತಾರೆ. ಪ್ರತಿ ಸಲ ಹೊಡೆದಾಗ ಮತ್ತು ಪ್ರತಿ ಸಲ ಡೈ ಎಂಬ ಉಕ್ಕಿನ ಅಚ್ಚಿಗೆ ಒತ್ತಿ ಮೊದಲಿನ ಅಳತೆಗೆ ತಂದಾಗ (ಸೈಜ್ ಮಾಡಿದಾಗ) ಹಿತ್ತಾಳೆ ಮುಂದಕ್ಕೆ ಹರಿಯುತ್ತದೆ. ಈ ಕೇಸಿಗೆ ಮೈ ಓರೆ ಜಾಸ್ತಿ, ಭುಜದ ಕೋನ 28 ಡಿಗ್ರಿ. ಕಡಿದಾದ ಭುಜದ ಕೇಸುಗಳಿಗಿಂತ ಇದು ಬೇಗ ಬೆಳೆಯುತ್ತದೆ. ಐದು ಸಲ ಟ್ರಿಮ್ ಇಲ್ಲದೆ ತುಂಬಿದ್ದೀರಿ, ಕ್ಯಾಲಿಪರ್ ಹಿಡಿದು ಇಪ್ಪತ್ತು ಕೇಸು ಅಳೆದರೆ ಕೆಲವು 1.912 ದಾಟಿರುವುದು ಕಾಣುತ್ತದೆ.

ದಾಟಿದರೆ ಆಗುವುದೇನು? ಚೇಂಬರ್ ಮುಗಿಯುವಲ್ಲಿ ಕೇಸಿನ ಬಾಯಿಗೆಂದು ಸ್ವಲ್ಪ ಖಾಲಿ ಜಾಗ ಬಿಟ್ಟಿರುತ್ತಾರೆ. ಕೇಸು ಉದ್ದವಾದಾಗ ಬಾಯಿ ಆ ಜಾಗ ದಾಟಿ ಗಂಟಲಿನ ಇಳಿಜಾರಿಗೆ ಒತ್ತಿಕೊಂಡು ಗುಂಡನ್ನು ಕಚ್ಚಿ ಹಿಡಿಯುತ್ತದೆ. ಮದ್ದು ಉರಿದಾಗ ಬಾಯಿ ಅರಳಿ ಗುಂಡನ್ನು ಬಿಡಬೇಕು, ಬಿಡಲು ಜಾಗವಿಲ್ಲ. ಒತ್ತಡ ಅಲ್ಲೇ ಏರುತ್ತದೆ. ಮಾರ್ಚ್‌ನ ಚಳಿಯಲ್ಲಿ ಅದು ಮಿತಿಯೊಳಗೆ ಉಳಿದಿರಬಹುದು, ಜುಲೈನಲ್ಲಿ ಉಳಿಯಲಿಲ್ಲ.

ಇದನ್ನು ಪತ್ತೆ ಮಾಡುವ ಸುಲಭ ಪರೀಕ್ಷೆಯೊಂದಿದೆ, ಬಹಳ ಜನ ಮಾಡುವುದೇ ಇಲ್ಲ. ಹೊಡೆದು ಹೊರಬಂದ, ಇನ್ನೂ ಸೈಜ್ ಮಾಡದ ಕೇಸಿನ ಬಾಯಿಗೆ ಹೊಸ ಗುಂಡೊಂದನ್ನು ಬೆರಳಲ್ಲಿ ಬಿಡಿ. ಅದು ತಡೆಯಿಲ್ಲದೆ ಒಳಗೆ ಜಾರಬೇಕು. ಜಾರದಿದ್ದರೆ, ಅಥವಾ ಬಾಯಿಯ ಅಂಚು ಒಳಕ್ಕೆ ತುಸು ಮಡಚಿದಂತೆ ಕಂಡರೆ, ಕೇಸು ಉದ್ದವಾಗಿದೆ ಇಲ್ಲವೇ ಗಂಟಲಿನಲ್ಲಿ ಇಂಗಾಲದ ಉಂಗುರ ಕಟ್ಟಿದೆ. ನಿಮ್ಮಲ್ಲಿ ಎರಡೂ ಇರುವ ಸಂಭವ ಹೆಚ್ಚು.

ಎಲ್ಲ ಕೇಸುಗಳನ್ನೂ ಸೈಜ್ ಮಾಡಿದ ಮೇಲೆ 1.902ಕ್ಕೆ ಟ್ರಿಮ್ ಮಾಡಿ, ಸೈಜ್ ಮಾಡುವ ಮೊದಲು ಅಲ್ಲ. ಟ್ರಿಮ್ ಆದ ಬಾಯಿಯ ಒಳಗೂ ಹೊರಗೂ ಚೇಂಫರ್ ಉಪಕರಣವನ್ನು ಹಗುರವಾಗಿ ಎರಡು ಮೂರು ಸುತ್ತು ತಿರುಗಿಸಿ ಸಿಬಿರು ತೆಗೆಯಿರಿ. ಚಾಕುವಿನಂತೆ ಚೂಪಾಗುವಷ್ಟು ಬೇಡ. ಸಿಬಿರು ಉಳಿದರೆ ಗುಂಡು ಕೂರಿಸುವಾಗ ಅದರ ಜಾಕೆಟ್ ಕೆರೆಯುತ್ತದೆ. ಕೆರೆದ ಗುಂಡು ನೆಟ್ಟಗೆ ಹೋಗದು, ಬ್ಯಾರಲ್‌ಗೆ ತಾಮ್ರವನ್ನೂ ಹೆಚ್ಚು ಬಳಿಯುತ್ತದೆ.

ಸೈಜ್ ಮಾಡುವ ಕ್ರಮವನ್ನೂ ಒಮ್ಮೆ ನೋಡಿಕೊಳ್ಳಿ. ಡೈಯನ್ನು ಕೇಸಿನ ಬುಡ ಹಿಡಿಯುವ ಶೆಲ್ ಹೋಲ್ಡರ್‌ಗೆ ಮುಟ್ಟಿಸಿ ಇನ್ನಷ್ಟು ತಿರುಗಿಸಿ ಎಂದು ಡೈ ಜೊತೆ ಬರುವ ಚೀಟಿಯಲ್ಲಿ ಇರುತ್ತದೆ. ಅದು ಯಾವ ರೈಫಲ್‌ಗಾದರೂ ಹೋಗಲಿ ಎಂಬ ಲೆಕ್ಕ. ಹಾಗೆ ಮಾಡಿದರೆ ಭುಜ ಬೇಕಾದ್ದಕ್ಕಿಂತ ಬಹಳ ಹಿಂದೆ ಸರಿಯುತ್ತದೆ, ಹೊಡೆದಾಗ ಕೇಸು ಮುಂದಕ್ಕೆ ಹಿಗ್ಗುತ್ತದೆ, ಹಿಗ್ಗಲು ಬೇಕಾದ ಹಿತ್ತಾಳೆ ಬುಡದ ಗೋಡೆಯಿಂದ ಬರುತ್ತದೆ. ನಾಲ್ಕೈದು ಸಲದಲ್ಲಿ ಬುಡಕ್ಕಿಂತ ತುಸು ಮೇಲೆ ಗೋಡೆ ತೆಳುವಾಗಿ ಒಂದು ದಿನ ಕೇಸು ಎರಡು ತುಂಡಾಗುತ್ತದೆ. ಹೆಡ್‌ಸ್ಪೇಸ್ ಕಂಪಾರೇಟರ್ ಕೊಂಡು, ಹೊಡೆದ ಕೇಸಿನ ಭುಜದ ಅಳತೆ ತೆಗೆದು, ಅದಕ್ಕಿಂತ 1ರಿಂದ 2 ಥೌ ಮಾತ್ರ ಹಿಂದೆ ಸರಿಯುವಂತೆ ಡೈ ಕೂರಿಸಿ. ಥೌ ಎಂದರೆ ಇಂಚಿನ ಸಾವಿರದ ಒಂದು ಪಾಲು, ವರ್ಕ್‌ಶಾಪಿನಲ್ಲಿ ಕೇಳಿರುತ್ತೀರಿ. ಈಗಿರುವ ಕೇಸುಗಳ ಒಳಗೋಡೆಯನ್ನು ತುದಿ ಬಗ್ಗಿಸಿದ ಗಟ್ಟಿ ತಂತಿಯಿಂದ ಬುಡದಿಂದ ಮೇಲಕ್ಕೆ ಎಳೆದು ನೋಡಿ. ತಂತಿ ಒಂದು ಕಡೆ ಹಳ್ಳಕ್ಕೆ ಸಿಕ್ಕಿಕೊಂಡಂತಾದರೆ ಆ ಕೇಸು ಎಸೆಯುವುದಕ್ಕೆ. ಕೇಪಿನ ಗುಳಿ ಸಡಿಲವಾಗಿ ಹೊಸ ಕೇಪು ಹೆಬ್ಬೆರಳ ಒತ್ತಿಗೇ ಕೂತರೂ ಎಸೆಯಿರಿ.

ಇಂಗಾಲದ ಉಂಗುರ

ಕೇಸಿನ ಬಾಯಿಗೂ ಚೇಂಬರಿನ ಕೊನೆಗೂ ನಡುವಿನ ಆ ಸಣ್ಣ ಸಂದಿಯಲ್ಲಿ, ಗಂಟಲಿನ ಮೊದಲ ಅರ್ಧ ಇಂಚಿನಲ್ಲಿ, ಉರಿದ ಮದ್ದಿನ ಮಸಿ ಪದರ ಪದರವಾಗಿ ಕೂತು ಬೇಯುತ್ತದೆ. ಒಲೆಯ ಮೇಲಿನ ಪಾತ್ರೆಯ ತಳದಲ್ಲಿ ವರ್ಷಗಟ್ಟಲೆ ಕಟ್ಟಿದ ಮಸಿ ನೆನೆಸಿಕೊಳ್ಳಿ, ಅಷ್ಟೇ ಗಟ್ಟಿ. ತಾಮ್ರ ತೆಗೆಯುವ ದ್ರಾವಣ ಇದನ್ನು ಮುಟ್ಟುವುದೂ ಇಲ್ಲ. ನೀವು ತಿಂಗಳುಗಟ್ಟಲೆ ತಾಮ್ರದ ಬೆನ್ನು ಹತ್ತಿದ್ದೀರಿ, ಇಂಗಾಲ ತನ್ನ ಪಾಡಿಗೆ ಬೆಳೆಯುತ್ತ ಹೋಯಿತು.

ಅಗ್ಗದ ಬೋರ್‌ಸ್ಕೋಪ್‌ಗಳು ಈಗ ಫೋನಿಗೂ ಜೋಡಿಸುವಂತೆ ಸಿಗುತ್ತವೆ. 5 ಮಿ.ಮೀ. ದಪ್ಪದ ತುದಿ .22ರ ಬ್ಯಾರಲ್ ಒಳಗೆ ಹೋಗುತ್ತದೆ, ಗುಂಡಿನ ವ್ಯಾಸವೇ 4.37 ಮಿ.ಮೀ. ಇರುವ .17ರಲ್ಲಿ ಹೋಗದು. ಕೊಳ್ಳುವಾಗ ಇದನ್ನು ನೋಡಿಕೊಳ್ಳಿ. ಚೇಂಬರ್ ಕಡೆಯಿಂದ ತೂರಿಸಿದಾಗ ಕೇಸಿನ ಬಾಯಿ ನಿಲ್ಲುವ ಜಾಗದ ಮುಂದೆ ಕಪ್ಪು ಹೊಳಪಿನ ಪಟ್ಟಿ ಕಂಡರೆ ಅದೇ ಉಂಗುರ. ಸಲಹೆಯ ಜೊತೆ ಒಂದು ಎಚ್ಚರಿಕೆ: ಬೋರ್‌ಸ್ಕೋಪ್‌ನಲ್ಲಿ ಒಳ್ಳೆಯ ಬ್ಯಾರಲ್ ಕೂಡ ಭಯ ಹುಟ್ಟಿಸುತ್ತದೆ. ಕಾರ್ಖಾನೆಯ ಉಪಕರಣದ ಗೀರುಗಳನ್ನೆಲ್ಲ ರೋಗವೆಂದು ತಿಳಿಯಬೇಡಿ.

ತೆಗೆಯುವ ಬಗೆ: ಇಂಗಾಲಕ್ಕೆಂದೇ ಇರುವ ದ್ರಾವಣವನ್ನು ಪ್ಯಾಚ್‌ನಲ್ಲಿ ಗಂಟಲಿಗೆ ಹಚ್ಚಿ 15ರಿಂದ 20 ನಿಮಿಷ ಬಿಡಿ. ಆಮೇಲೆ .25 ಕ್ಯಾಲಿಬರಿನ ಬ್ರಷ್ ಅನ್ನು ಸಣ್ಣ ರಾಡಿಗೆ ಸಿಕ್ಕಿಸಿ ಚೇಂಬರಿನ ಕತ್ತಿನ ಭಾಗದವರೆಗೆ ಮಾತ್ರ ತಳ್ಳಿ ಬಲಕ್ಕೆ ಹತ್ತಿಪ್ಪತ್ತು ಸುತ್ತು ತಿರುಗಿಸಿ. ಎಡಕ್ಕೆ ತಿರುಗಿಸಿದರೆ ಬ್ರಷ್ ರಾಡಿನಿಂದ ಬಿಚ್ಚಿಕೊಳ್ಳುತ್ತದೆ. ಕತ್ತಿನ ಒಳವ್ಯಾಸ ನಳಿಗೆಗಿಂತ ದೊಡ್ಡದು, .22ರ ಬ್ರಷ್ ಅಲ್ಲಿ ಗೋಡೆಗೆ ತಾಗುವುದೇ ಇಲ್ಲ. ಎಷ್ಟೋ ಜನ ವರ್ಷಗಟ್ಟಲೆ ಉಜ್ಜಿಯೂ ಉಂಗುರ ಉಳಿಯುವುದು ಇದಕ್ಕೇ. ಒರೆಸಿ, ಮತ್ತೆ ನೋಡಿ, ಉಳಿದಿದ್ದರೆ ಮತ್ತೆ ಮಾಡಿ.

ಮೂರು ಸಲವಾದರೂ ಜಗ್ಗದಿದ್ದರೆ ಆಗ ಮಾತ್ರ ಜೆಬಿ ಅಥವಾ ಐಯೋಸೋ ಥರದ ಸೂಕ್ಷ್ಮ ಪೇಸ್ಟ್. ರಾಡಿನ ತುದಿಗೆ ಹಾಕುವ ಜ್ಯಾಗ್‌ಗೆ ಬಿಗಿಯಾಗಿ ಸುತ್ತಿದ ಪ್ಯಾಚ್‌ಗೆ ಹಚ್ಚಿ, ಗಂಟಲಿನ ಮೊದಲ ಎರಡು ಮೂರು ಇಂಚಿನಲ್ಲಿ ಹಿಂದೆ ಮುಂದೆ ಹತ್ತು ಸಲ. ಇದು ಉಜ್ಜುವ ಪುಡಿ, ವಾರ ವಾರದ ಸ್ನಾನದ ಸೋಪಲ್ಲ. ವರ್ಷಕ್ಕೆ ಒಂದೆರಡು ಸಲ ಸಾಕು. ಆಮೇಲೆ ದ್ರಾವಣದ ಪ್ಯಾಚ್ ಹಾಕಿ ಪೇಸ್ಟಿನ ಕಣವೆಲ್ಲ ಹೊರಬರುವವರೆಗೆ ತೊಳೆಯಿರಿ.

ಉಂಗುರಕ್ಕೂ ಟ್ರಿಮ್‌ಗೂ ನಂಟಿದೆ. ಕೇಸುಗಳು ಗಿಡ್ಡವಾಗಿದ್ದಷ್ಟು ಸಂದಿ ದೊಡ್ಡದು, ಮಸಿ ಅಷ್ಟು ಹಿಂದಿನವರೆಗೂ ಕಟ್ಟುತ್ತದೆ. ಆಮೇಲೆ ಒಂದು ಉದ್ದದ ಕೇಸು ಬಂದಾಗ ಅದರ ಬಾಯಿ ಮಸಿಯ ಮೇಲೇ ಹೋಗಿ ಕೂರುತ್ತದೆ. ಹೊಸ ಕೇಸು, ಐದು ಸಲ ಹೊಡೆದ ಕೇಸು ಎರಡನ್ನೂ ಒಂದೇ ಡಬ್ಬಿಯಲ್ಲಿ ಬೆರೆಸಬಾರದು ಎನ್ನುವುದಕ್ಕೆ ಇದೇ ಕಾರಣ.

ನಿಲ್ಲದ ನೀಲಿ

ನಿಮ್ಮ ಜ್ಯಾಗ್ ಹಿತ್ತಾಳೆಯದೇ? ಹಾಗಾದರೆ ನೀಲಿ ಎಂದೂ ನಿಲ್ಲದು. ತಾಮ್ರ ಕರಗಿಸುವ ದ್ರಾವಣಕ್ಕೆ ನಳಿಗೆಯ ತಾಮ್ರ, ಜ್ಯಾಗ್‌ನ ತಾಮ್ರ, ಕಂಚಿನ ಬ್ರಷ್‌ನ ತಾಮ್ರ ಎಂಬ ಭೇದವಿಲ್ಲ. ಹೊಸ ಪ್ಯಾಚ್‌ಗೆ ದ್ರಾವಣ ಹಾಕಿ ಜ್ಯಾಗ್‌ಗೆ ಸುತ್ತಿ ಮೇಜಿನ ಮೇಲೆ ಐದು ನಿಮಿಷ ಇಡಿ. ಬ್ಯಾರಲ್ ಒಳಗೆ ಹೋಗದೆಯೇ ಬಟ್ಟೆ ನೀಲಿಯಾದರೆ ತಿಂಗಳುಗಟ್ಟಲೆ ನೀವು ಜ್ಯಾಗ್ ತೊಳೆದಿದ್ದೀರಿ. ನಿಕಲ್ ಲೇಪದ ಅಥವಾ ಅಲ್ಯೂಮಿನಿಯಂ ಜ್ಯಾಗ್, ನೈಲಾನ್ ಬ್ರಷ್ ಕೊಳ್ಳಿ.

ಇಡೀ ಬ್ಯಾರಲ್ ಸ್ವಚ್ಛ ಮಾಡುವ ಕ್ರಮ ಹೀಗಿರಲಿ. ರೈಫಲ್ ಖಾಲಿ ಇದೆಯೆಂದು ಕಣ್ಣಿಂದಲೂ ಬೆರಳಿಂದಲೂ ಖಾತ್ರಿ ಮಾಡಿ, ಬೋಲ್ಟ್ ತೆಗೆದು, ನಳಿಗೆಯ ಬಾಯಿ ತುಸು ತಗ್ಗಿರುವಂತೆ ರೈಫಲ್ ಹಿಡಿದಿಡುವ ತೊಟ್ಟಿಲಲ್ಲಿ ಇಡಿ. ದ್ರಾವಣ ಟ್ರಿಗರ್‌ಗೂ ಸ್ಟಾಕ್‌ಗೂ ಹರಿಯಬಾರದು. ಬೋಲ್ಟ್‌ನ ಜಾಗಕ್ಕೆ ಆ ಆಕ್ಷನ್‌ಗೆ ಹೊಂದುವ ಬೋರ್ ಗೈಡ್ (ರಾಡನ್ನು ನೆಟ್ಟಗೆ ನಡೆಸುವ ಕೊಳವೆ) ಹಾಕಿ. ಗೈಡ್ ಇಲ್ಲದೆ ತಳ್ಳಿದ ರಾಡ್ ಬಾಗಿ ಗಂಟಲಿನ ಒಂದೇ ಬದಿಯನ್ನು ತಿಕ್ಕುತ್ತ ಬರುತ್ತದೆ. ಒಂದೇ ತುಂಡಿನ, ಲೇಪವಿರುವ .22ರ ರಾಡ್ ಬಳಸಿ. ಮೂರು ತುಂಡು ಜೋಡಿಸುವ ರಾಡನ್ನು ಕೆರೆಗೆ ಎಸೆಯಿರಿ.

ಸಾಮಾನ್ಯ ದ್ರಾವಣದ ಎರಡು ಒದ್ದೆ ಪ್ಯಾಚ್ ಚೇಂಬರಿನಿಂದ ಬಾಯಿಯ ಕಡೆಗೆ ತಳ್ಳಿ, ಸಡಿಲ ಮಸಿ ಹೊರಬರಲಿ. ಐದು ನಿಮಿಷ ಬಿಟ್ಟು ಒದ್ದೆ ನೈಲಾನ್ ಬ್ರಷ್ ಹತ್ತು ಸಲ. ಬ್ರಷ್ ಪೂರ್ತಿ ಹೊರಬಂದ ಮೇಲೇ ಹಿಂದಕ್ಕೆ ಎಳೆಯಬೇಕು, ನಡುವೆ ದಿಕ್ಕು ಬದಲಿಸಿದರೆ ಬ್ರಷ್ ಸಿಕ್ಕಿಕೊಳ್ಳುತ್ತದೆ. ಎಳೆಯುವಾಗ ರಾಡ್ ಕ್ರೌನಿನ, ಅಂದರೆ ನಳಿಗೆಯ ಬಾಯಿಯ, ಅಂಚಿಗೆ ಒರೆಯದಂತೆ ನಿಧಾನ. ಗುಂಡು ಕೊನೆಗೆ ಮುಟ್ಟುವುದು ಆ ಅಂಚನ್ನೇ, ಅಲ್ಲಿ ಒಂದು ಗೀರು ಬಿದ್ದರೆ ಅನಿಲ ಒಂದು ಬದಿಯಿಂದ ಮೊದಲು ನುಗ್ಗಿ ಗುಂಡನ್ನು ಓರೆ ಮಾಡುತ್ತದೆ. ಪ್ಯಾಚ್ ಆದರೆ ಹೊರಗೆ ಬಿದ್ದುಹೋಗಲಿ, ಕೊಳೆ ತುಂಬಿದ ಬಟ್ಟೆಯನ್ನು ಹಿಂದಕ್ಕೆ ಎಳೆಯಬೇಡಿ. ಒಣ ಪ್ಯಾಚ್ ಎರಡು. ಆಮೇಲೆ ತಾಮ್ರದ ದ್ರಾವಣ. ಸ್ವೀಟ್ಸ್ 7.62ನಂಥ ಅಮೋನಿಯಾ ಇರುವುದಾದರೆ 15 ನಿಮಿಷಕ್ಕಿಂತ ಹೆಚ್ಚು ಬಿಡಬಾರದು, ಕಿಟಕಿ ತೆರೆದಿರಲಿ. ಬೋರ್ ಟೆಕ್ ಎಲಿಮಿನೇಟರ್‌ನಂಥ ಅಮೋನಿಯಾ ಇಲ್ಲದ್ದು ನಿಧಾನ, ಆದರೆ ಮರೆತು ಊಟಕ್ಕೆ ಹೋದರೂ ಬ್ಯಾರಲ್‌ಗೆ ಆತಂಕ ಕಡಿಮೆ. ಎರಡು ಬಗೆಯ ದ್ರಾವಣಗಳನ್ನು ಬೆರೆಸಬೇಡಿ, ಒಂದನ್ನು ಪೂರ್ತಿ ಒರೆಸಿ ಇನ್ನೊಂದನ್ನು ಹಾಕಿ. ಕಡೆಗೆ ಒಣ ಪ್ಯಾಚ್‌ಗಳು, ಎತ್ತಿಡುವುದಾದರೆ ತೆಳುವಾಗಿ ಎಣ್ಣೆ. ಚೇಂಬರನ್ನು ಮಾತ್ರ ಒಣಗಿಸಲೇಬೇಕು. ಚೇಂಬರಿನ ಗೋಡೆಗೆ ಎಣ್ಣೆ ಇದ್ದರೆ ಕೇಸು ಗೋಡೆಯನ್ನು ಹಿಡಿಯದೆ ಹಿಂದಕ್ಕೆ ಜಾರಿ ಇಡೀ ಹೊರೆ ಬೋಲ್ಟ್ ಮೇಲೆ ಬೀಳುತ್ತದೆ. ಹೊಡೆಯುವ ಮುನ್ನ ನಳಿಗೆಯ ಎಣ್ಣೆಗೂ ಒಂದು ಒಣ ಪ್ಯಾಚ್.

ತಾಮ್ರ ಪೂರ್ತಿ ಸೊನ್ನೆ ಆಗಬೇಕೆಂಬ ಹಟ ಬೇಡ. ತೊಳೆದ ಬ್ಯಾರಲ್‌ನ ಮೊದಲ ಎರಡರಿಂದ ಐದು ಗುಂಡು ಬೇರೆ ಕಡೆ ಹೋಗುವುದು ಮಾಮೂಲು, ಆಮೇಲೆ ಅದು ತನ್ನ ದಾರಿಗೆ ಬರುತ್ತದೆ. ಎಷ್ಟು ಗುಂಡಿಗೆ ತೊಳೆಯಬೇಕು ಎಂಬುದನ್ನು ರೈಫಲ್ಲೇ ಹೇಳಬೇಕು: ತೊಳೆದ ಮೇಲೆ ಪ್ರತಿ ಹತ್ತು ಗುಂಡಿಗೊಮ್ಮೆ ಕಾಗದಕ್ಕೆ ಐದು ಹೊಡೆದು ಹರವು ಬರೆದಿಡಿ. ಹರವು ಹಿಗ್ಗತೊಡಗುವ ಸಂಖ್ಯೆಗಿಂತ ಹತ್ತು ಮುಂಚೆ ತೊಳೆದರಾಯಿತು. .22-250ರಲ್ಲಿ ಸಾಮಾನ್ಯವಾಗಿ ಅದು 40ರಿಂದ 60ರ ನಡುವೆ ಬರುತ್ತದೆ.

ಅಜ್ಜನ ಬಿಸಿನೀರು ಅವರ ಕೋವಿಗೆ ನೂರಕ್ಕೆ ನೂರು ಸರಿ. ಕೇಪಿನ ಕೋವಿಯಲ್ಲಿ ಉರಿಯುವುದು ಕರಿಮದ್ದು. ಅದರ ಕಿಟ್ಟ ಉಪ್ಪಿನಂತೆ ಗಾಳಿಯ ತೇವ ಹೀರಿ ಕಬ್ಬಿಣ ತಿನ್ನುತ್ತದೆ, ನೀರಲ್ಲಿ ಕರಗುತ್ತದೆ, ಬಿಸಿಯಾದ ನಳಿಗೆ ಬೇಗ ಒಣಗುತ್ತದೆ. ಇಲ್ಲಿನ ಹೊಗೆರಹಿತ ಮದ್ದಿನ ಇಂಗಾಲವೂ ಗುಂಡಿನ ತಾಮ್ರವೂ ನೀರಿಗೆ ಜಗ್ಗುವುದಿಲ್ಲ. ಹಾಗೆಯೇ ಅಲ್ಲಿ ಬಾಯಿಯ ಕಡೆಯಿಂದ ಗಜ (ರಾಡ್) ಹಾಕುವುದು ಅನಿವಾರ್ಯ, ಇಲ್ಲಿ ಆ ಅಭ್ಯಾಸ ಬಿಡಿ. ಇನ್ನೊಂದು ಮಾತು. ಇಲ್ಲಿ ಹೇಳುತ್ತಿರುವ ತೋಟೆ ತುಂಬುವ ವಿಷಯವೆಲ್ಲ ಅಮೆರಿಕಕ್ಕೆ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಸಲು ಬೇರೆಯೇ ಲೈಸೆನ್ಸ್ ಬೇಕು, ಕೋವಿ ಇಟ್ಟುಕೊಳ್ಳುವ ಹಕ್ಕು ಅದಕ್ಕೆ ಸಾಲದು.

ಮದ್ದು, ಬಿಸಿಲು, ಗುಂಡು

ಮದ್ದಿನ ಪ್ರಮಾಣ ಇಲ್ಲಿ ಬರೆಯುವುದಿಲ್ಲ, ಮ್ಯಾನುವಲ್‌ನಿಂದಲೇ ತೆಗೆದುಕೊಳ್ಳಬೇಕು. ನಿಮ್ಮ ಗುಂಡು, ನಿಮ್ಮ ಮದ್ದಿಗೆ ಮದ್ದು ಅಥವಾ ಗುಂಡು ತಯಾರಿಸಿದವರು ಈಗ ಪ್ರಕಟಿಸಿರುವ ಆರಂಭದ ತೂಕದಿಂದ ಮತ್ತೆ ಶುರು ಮಾಡಿ. ಕೇಸು ಟ್ರಿಮ್ ಆಯಿತು, ಉಂಗುರ ಹೋಯಿತು, ಭುಜದ ಜಾಗ ಬದಲಾಯಿತು. ಇದು ಈಗ ಬೇರೆ ಚೇಂಬರ್ ಇದ್ದಂತೆ, ಹಳೆಯ ತೂಕಕ್ಕೆ ನೇರ ಹೋಗಬಾರದು. 0.3 ಗ್ರೇನ್ ಹೆಜ್ಜೆಯಲ್ಲಿ ಏರಿಸಿ (ಗ್ರೇನ್ ಎಂದರೆ ಮದ್ದು, ಗುಂಡು ತೂಗುವ ಅಳತೆ). ಕೇಸಿನ ತಯಾರಕರು ಬದಲಾದರೂ, ಕೇಪು ಬದಲಾದರೂ ಮತ್ತೆ ಕೆಳಗಿನಿಂದಲೇ. ಹೆಸರು ನೋಡಿ ಮೋಸ ಹೋಗಬೇಡಿ: ಹಾಡ್ಜನ್ ಕಂಪನಿಯ ಎಚ್4895, ಐಎಂಆರ್ 4895 ಬೇರೆ ಬೇರೆ ಮದ್ದು, ಒಂದರ ಲೆಕ್ಕ ಇನ್ನೊಂದಕ್ಕೆ ಸಲ್ಲದು. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬಿ.

ಒತ್ತಡದ ಗುರುತು ನೋಡಿಕೊಂಡು ಏರಿಸುತ್ತೇನೆ ಎನ್ನುವವರು ಬಹಳ. ಬೋಲ್ಟ್ ಬಿಗಿ, ಕೇಸಿನ ಬುಡದಲ್ಲಿ ಎಜೆಕ್ಟರಿನ (ಕೇಸನ್ನು ಹೊರದಬ್ಬುವ ಭಾಗದ) ಹೊಳೆಯುವ ಗುರುತು, ಚಪ್ಪಟೆಯಾದ ಕೇಪು ಇವೆಲ್ಲ ಕಾಣುವ ಹೊತ್ತಿಗೆ ಒತ್ತಡ ಎಂದೋ ಮಿತಿ ದಾಟಿರುತ್ತದೆ. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇವಕ್ಕಿಂತ ಪ್ರಾಮಾಣಿಕ. ನಿಮ್ಮ ಬ್ಯಾರಲ್ ಉದ್ದಕ್ಕೆ ಮ್ಯಾನುವಲ್ ಹೇಳುವ ಗರಿಷ್ಠ ವೇಗ ಬಂದರೆ, ತಕ್ಕಡಿ ಎಷ್ಟೇ ಕಡಿಮೆ ತೋರಿಸಲಿ, ನೀವು ಗರಿಷ್ಠಕ್ಕೆ ಬಂದಿದ್ದೀರಿ. ಪುಕ್ಕಟೆ ವೇಗ ಎಲ್ಲೂ ಸಿಗದು.

ಮಾರ್ಚ್, ಜುಲೈ ವ್ಯತ್ಯಾಸ ಬಹಳ ಮಟ್ಟಿಗೆ ಮದ್ದಿನ ಬಿಸಿಯಿಂದ. ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡ್ ಮೇಲಿಟ್ಟ ಡಬ್ಬಿ ಹೊರಗಿನ ಗಾಳಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಅದಕ್ಕಿಂತ ಕೆಟ್ಟದ್ದು, ಕಾದ ಚೇಂಬರಿನಲ್ಲಿ ತೋಟೆ ಹಾಕಿಕೊಂಡು ಪ್ರೇರಿ ಡಾಗ್ ಬಿಲದಿಂದ ತಲೆ ಎತ್ತಲಿ ಎಂದು ಎರಡು ನಿಮಿಷ ಕಾಯುವುದು. ಆ ತೋಟೆ ಒಳಗೇ ಬೇಯುತ್ತದೆ. ಗುರಿ ಸಿದ್ಧವಾದಾಗ ತೋಟೆ ಹಾಕಿ. ಡಬ್ಬಿಯನ್ನು ಐಸ್ ಇಲ್ಲದ ಕೂಲರ್‌ನಲ್ಲಿ ನೆರಳಿಗಿಡಿ. ಗುಂಡುಕಾಳಿನ ಬಾಲ್ ಪೌಡರ್‌ಗಳಲ್ಲಿ ಬಿಸಿಗೆ ಏರಿಳಿತ ಸಾಮಾನ್ಯವಾಗಿ ಜಾಸ್ತಿ. ಎಚ್380ಗೆ ಆ ಹೆಸರು ಬಂದದ್ದೇ ಈ ತೋಟೆಯ ಹಳೆಯ ರೂಪದಲ್ಲಿ 38.0 ಗ್ರೇನ್ ಚೆನ್ನಾಗಿ ಹೊಡೆಯಿತು ಎಂಬುದರಿಂದ. .22-250ಗೆ ಅಷ್ಟು ನಂಟಿನ ಮದ್ದಾದರೂ ಬೇಸಗೆಗೆ ವಾರ್ಗೆಟ್, ಎಚ್4895, ಬೆಂಚ್‌ಮಾರ್ಕ್‌ನಂಥ ಕಡ್ಡಿಮದ್ದುಗಳೇ ನೆಮ್ಮದಿ. ಯಾವುದೇ ಆದರೂ ತೂಕ ಗೊತ್ತುಮಾಡುವ ಪರೀಕ್ಷೆಯನ್ನು ಬಿಸಿಲ ದಿನವೇ ಮಾಡಿ. ಜುಲೈಗೆ ಸರಿಯಾದದ್ದು ಮಾರ್ಚ್‌ನಲ್ಲಿ ಅಪಾಯ ಮಾಡುವುದಿಲ್ಲ, ಚಳಿಯಲ್ಲಿ ಗುರಿ ಎಲ್ಲಿ ಬೀಳುತ್ತದೆ ಎಂಬುದನ್ನಷ್ಟೇ ನೋಡಿಕೊಂಡರೆ ಸಾಕು.

ಗುಂಡಿನ ಆಯ್ಕೆಯಲ್ಲಿ ನಿಮ್ಮ ಟ್ವಿಸ್ಟ್ ಒಂದು ಅನುಕೂಲ, ಒಂದು ಕಟ್ಟು. ವೇಗವನ್ನು 720ರಿಂದ ಗುಣಿಸಿ ಟ್ವಿಸ್ಟ್‌ನ ಇಂಚಿನಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತು ಎಂದು ಸಿಗುತ್ತದೆ. ಸೆಕೆಂಡಿಗೆ 3,700 ಅಡಿ ವೇಗಕ್ಕೆ 14 ಇಂಚಿನ ಟ್ವಿಸ್ಟ್‌ನಲ್ಲಿ ಸುಮಾರು 1,90,000 ಸುತ್ತು. ಅದೇ ವೇಗಕ್ಕೆ 8 ಇಂಚಿನಲ್ಲಿ 3,33,000. ತೆಳು ಜಾಕೆಟ್‌ನ ಗುಂಡುಗಳು ಆ ಸುತ್ತಿಗೆ ಗಾಳಿಯಲ್ಲೇ ಸಿಡಿದು ಬೂದು ಹೊಗೆಯ ಎಳೆಯಾಗಿ ಮಾಯವಾಗುತ್ತವೆ, ಗುರಿ ಕಾಗದದಲ್ಲಿ ತೂತೇ ಇರುವುದಿಲ್ಲ. ಹಾರ್ನಡಿ ತನ್ನ ಎಸ್‌ಎಕ್ಸ್ ಗುಂಡಿಗೆ 3,500 ಅಡಿಯ ಮಿತಿ ಹೇಳುವುದು ಇದಕ್ಕೇ, .22-250ಗೆ ಅದು ಬೇಡ. ವಿ-ಮ್ಯಾಕ್ಸ್, ಬ್ಲಿಟ್ಜ್‌ಕಿಂಗ್, ಬ್ಯಾಲಿಸ್ಟಿಕ್ ಟಿಪ್ ಥರದವು 50ರಿಂದ 55 ಗ್ರೇನ್‌ವರೆಗೆ ಸರಿ. ಕಟ್ಟು ಏನೆಂದರೆ ಉದ್ದದ ಗುಂಡು ನಿಮ್ಮ ಬ್ಯಾರಲ್‌ನಲ್ಲಿ ನೆಟ್ಟಗಾಗದು. ಕ್ಯಾಲಿಫೋರ್ನಿಯಾಕ್ಕೆ ನೆಲ ಅಳಿಲು ಹೊಡೆಯಲು ಹೋದರೆ 2019ರ ಜುಲೈ 1ರಿಂದ ಅಲ್ಲಿ ಯಾವ ಬೇಟೆಗೂ ಸೀಸದ ಗುಂಡು ನಿಷಿದ್ಧ. ಸೀಸಕ್ಕಿಂತ ತಾಮ್ರ ಹಗುರ, ಅಷ್ಟೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಅದಕ್ಕಾಗಿ 35 ಗ್ರೇನಿನ ಎನ್‌ಟಿಎಕ್ಸ್ ಅಥವಾ 36 ಗ್ರೇನಿನ ವಾರ್ಮಿಂಟ್ ಗ್ರೆನೇಡ್‌ನಂಥ ಹಗುರದವುಗಳಿಂದ ಶುರು ಮಾಡಿ.

ಬ್ಯಾರಲ್ ನಿಜವಾಗಿ ಸವೆದಿದೆಯೇ?

.223 ಸುಮಾರು 25 ಗ್ರೇನ್ ಮದ್ದನ್ನೂ .22-250 ಸುಮಾರು 35 ಗ್ರೇನ್ ಮದ್ದನ್ನೂ ಅದೇ .224 ಇಂಚಿನ ತೂತಿನಿಂದ ಉಗುಳುತ್ತವೆ. ಆ ಹೆಚ್ಚಿನ ಬೆಂಕಿ ತಗಲುವುದು ಗಂಟಲಿಗೆ. ಉಕ್ಕಿನ ಮೇಲ್ಪದರ ಕ್ಷಣದಲ್ಲಿ ಕಾದು ತಣಿದು ಬಿರುಕು ಬಿಡುತ್ತದೆ. ಬೋರ್‌ಸ್ಕೋಪ್‌ನಲ್ಲಿ ಬೇಸಗೆಯ ಕೆರೆಯಂಗಳದಂತೆ ಕಾಣುತ್ತದೆ. ಮೊದಲ ಎರಡು ಮೂರು ಇಂಚಿನಲ್ಲಿ ಸಣ್ಣ ಬಿರುಕು ಇದ್ದ ಮಾತ್ರಕ್ಕೆ ಬ್ಯಾರಲ್ ಮುಗಿಯಲಿಲ್ಲ. 900 ಗುಂಡು .22-250ಗೆ ನಡುವಯಸ್ಸು ಕೂಡ ಅಲ್ಲ. ಆರಾಮವಾಗಿ ಹೊಡೆದವರು 2,000 ದಾಟಿಸುತ್ತಾರೆ. ಆದರೆ ಪ್ರೇರಿ ಡಾಗ್ ಬಯಲಿನಲ್ಲಿ ಎಡೆಬಿಡದೆ ಮೂವತ್ತು ನಲವತ್ತು ಹೊಡೆಯುವವರ ಬ್ಯಾರಲ್ ಸಾವಿರಕ್ಕೇ ಕೈಕೊಡಬಹುದು.

ಗಂಟಲು ಎಷ್ಟು ಮುಂದೆ ಸರಿದಿದೆ ಎಂದು ಅಳೆಯಲು ಹಾರ್ನಡಿಯ ಒಎಎಲ್ ಗೇಜ್ ಸಿಗುತ್ತದೆ. ಒಂದೇ ಗುಂಡನ್ನು ಅದಕ್ಕೆಂದೇ ಎತ್ತಿಟ್ಟುಕೊಂಡು, ಅದು ರೈಫ್ಲಿಂಗ್ ಮುಟ್ಟುವ ಉದ್ದವನ್ನು ಐದು ಸಲ ಅಳೆದು ಬರೆದಿಡಿ, ಪ್ರತಿ 200 ಗುಂಡಿಗೊಮ್ಮೆ ಮತ್ತೆ ಅಳೆಯಿರಿ. ಹೊಸದರಲ್ಲಿ ಅಳೆದಿಲ್ಲವಾದ್ದರಿಂದ ಇವತ್ತಿನ ಅಳತೆಯೇ ನಿಮ್ಮ ಮೈಲಿಗಲ್ಲು. ಅಳೆಯುವುದು ಇಂಗಾಲ ತೆಗೆದ ಮೇಲೆ, ಇಲ್ಲವಾದರೆ ಮಸಿಯನ್ನೇ ಅಳೆದಂತಾಗುತ್ತದೆ. ಗಂಟಲು ಸರಿದಂತೆ ಗುಂಡನ್ನೂ ಅಷ್ಟೇ ಹೊರಗೆ ಕೂರಿಸಿ ಹಳೆಯ ನಿಖರತೆ ಕೆಲಕಾಲ ಹಿಡಿದಿಡಬಹುದು. ಮ್ಯಾಗಜಿನ್ ಉದ್ದ ಮತ್ತು ಕೇಸಿನ ಬಾಯಿಯಲ್ಲಿ ಗುಂಡಿಗಿರುವ ಹಿಡಿತ ಇವೆರಡು ಅದಕ್ಕೆ ಮಿತಿ.

ಬಯಲಿನಲ್ಲಿ ಬ್ಯಾರಲ್ ಕಾಯುವುದನ್ನು ತಡೆಯುವ ಉಪಾಯ ಒಂದೇ, ಹೊಡೆಯುವುದು ನಿಲ್ಲಿಸುವುದು. ಹತ್ತು ಗುಂಡಿಗೆ ವಿರಾಮ. ಚೇಂಬರಿನ ಮುಂದೆ ಬ್ಯಾರಲ್ ಮೇಲೆ ಅಂಗೈ ಐದು ಸೆಕೆಂಡ್ ಇಡಲಾಗದಿದ್ದರೆ ಇನ್ನು ಹೊಡೆಯಬೇಡಿ. ಬೋಲ್ಟ್ ತೆರೆದು ನೆರಳಿಗೆ ನಿಲ್ಲಿಸಿ, ಚೇಂಬರ್ ಕಡೆಯಿಂದ ಗಾಳಿ ಊದುವ ಬ್ಯಾಟರಿ ಫ್ಯಾನ್ ಇದ್ದರೆ ಇನ್ನೂ ಒಳ್ಳೆಯದು. ಎರಡು ರೈಫಲ್ ಇಟ್ಟುಕೊಂಡು ಸರದಿಯಲ್ಲಿ ಹೊಡೆಯುವವರೇ ಜಾಣರು.

ಎರಡನೆಯದು .17 ರೆಮಿಂಗ್ಟನ್ ಆಗಬೇಕೇ ಎಂದರೆ, ನಿಮಗೆ ಬೇಡ. 1971ರಲ್ಲಿ ಬಂದ ಈ ತೋಟೆ ಹಗುರ ಗುಂಡನ್ನು ಸೆಕೆಂಡಿಗೆ 4,000 ಅಡಿಯ ಆಸುಪಾಸಿನಲ್ಲಿ ಒಗೆಯುತ್ತದೆ, ಹಿನ್ನೊದೆತ ಇಲ್ಲವೆನ್ನುವಷ್ಟು ಕಡಿಮೆ, ಗುಂಡು ಬಿದ್ದದ್ದನ್ನು ಸ್ಕೋಪ್‌ನಲ್ಲೇ ನೋಡಬಹುದು. ಆದರೆ ಅದರ ನಳಿಗೆ ಬೇಗ ಕೊಳೆಯಾಗುತ್ತದೆ. 15ರಿಂದ 25 ಗುಂಡಿಗೊಮ್ಮೆ ತೊಳೆಯುವುದು ಹಲವರ ಪಾಡು, ಪ್ರೇರಿ ಡಾಗ್ ಬಯಲಿನಲ್ಲಿ ಅಷ್ಟು ಗುಂಡು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ರಾಡ್ ಕಡ್ಡಿಯಷ್ಟು ತೆಳು, ಒತ್ತಿದರೆ ಬಾಗುತ್ತದೆ. ಉದ್ದ ಕಡ್ಡಿಮದ್ದು ಆ ಸಣ್ಣ ಬಾಯಿಯಲ್ಲಿ ಸೇತುವೆ ಕಟ್ಟಿ ನಿಲ್ಲುವುದರಿಂದ ಅದಕ್ಕೆಂದೇ ಬೇರೆ ಆಲಿಕೆ ಬೇಕು, ಮದ್ದನ್ನು 0.1, 0.2 ಗ್ರೇನ್ ಹೆಜ್ಜೆಯಲ್ಲಿ ಏರಿಸಬೇಕು. ತೊಳೆಯುವುದೇ ಬೇಸರವೆನ್ನುವವರಿಗೆ 12 ಇಂಚಿನ ಟ್ವಿಸ್ಟ್‌ನ .223 ಸರಿಯಾದ ಜೊತೆ. ಗಾಳಿ ಜಾಸ್ತಿ ಇಲ್ಲದ ದಿನ 250 ಗಜದೊಳಗಿನದೆಲ್ಲ ಅದಕ್ಕೆ ಬಿಟ್ಟು, ಅದರಾಚೆಯದಕ್ಕೆ .22-250 ಎತ್ತಿಕೊಳ್ಳಿ. .223ಗೆ ಕೇಪು ಕೊಳ್ಳುವಾಗ ಮಾತ್ರ ರೆಮಿಂಗ್ಟನ್ 6½ ತರಬೇಡಿ. ಅದು .22 ಹಾರ್ನೆಟ್‌ನಂಥ ಕಡಿಮೆ ಒತ್ತಡದವಕ್ಕೆ, .223ರ ಒತ್ತಡಕ್ಕೆ ಅದರ ಬಟ್ಟಲು ತಡೆಯದೆ ಅಂಚಿನಲ್ಲಿ ಅನಿಲ ಸೋರಿ ಬೋಲ್ಟ್‌ನ ಮುಖ ಕೊರೆಯುತ್ತದೆ. 7½ ಸರಿ.

ಈಗ ಕೆಲಸದ ಸರದಿ: ಸ್ಕ್ರೂ ನೋಡಿ, ಇಂಗಾಲ ತೆಗೆದು, ಗಂಟಲು ಅಳೆದು, ಕೇಸು ಸೈಜ್ ಮಾಡಿ ಟ್ರಿಮ್ ಮಾಡಿ, ಆರಂಭದ ತೂಕದಲ್ಲಿ ಇಪ್ಪತ್ತೈದು ತುಂಬಿ. ಐದು ಗುಂಡು ನಳಿಗೆ ಹದಕ್ಕೆ, ಉಳಿದವು ಐದೈದರಂತೆ ನಾಲ್ಕು ಸಲ, ಪ್ರತಿ ಐದಕ್ಕೂ ಬ್ಯಾರಲ್ ಪೂರ್ತಿ ತಣ್ಣಗಾಗಲು ಬಿಟ್ಟು. ಮುಕ್ಕಾಲು ಇಂಚಿನೊಳಗೆ ಬಂದರೆ ಅಲ್ಲಿಂದ ತೂಕ ಏರಿಸುತ್ತ ಹೋಗಿ. ಮೇಲಿನದೆಲ್ಲ ಮಾಡಿಯೂ ಒಂದೂವರೆ ಇಂಚೇ ಉಳಿದರೆ ಹೊಸ ಬ್ಯಾರಲ್‌ಗೆ ದುಡ್ಡು ಕೊಡುವ ಮುಂಚೆ ಗನ್‌ಸ್ಮಿತ್ ಹತ್ತಿರ ಕ್ರೌನ್ ಹೊಸದಾಗಿ ಕತ್ತರಿಸಲು ಕೇಳಿ, ಅದು ಅಗ್ಗದ ಕೆಲಸ. ಅದಕ್ಕೂ ಬಗ್ಗದಿದ್ದರೆ ಹಿಂಭಾಗದಲ್ಲಿ ಒಂದು ಇಂಚು ಕತ್ತರಿಸಿ ಚೇಂಬರ್ ಹೊಸದಾಗಿ ಕೊರೆಯಬಹುದೇ ಕೇಳಿ. ಸುಟ್ಟ ಗಂಟಲಿನ ಹೆಚ್ಚಿನ ಪಾಲು ಆ ಒಂದು ಇಂಚಿನ ಜೊತೆ ಹೊರಟುಹೋಗುತ್ತದೆ, 26 ಇಂಚು 25 ಆದರೆ ಕಳೆಯುವ ವೇಗ ಸೆಕೆಂಡಿಗೆ ಕೆಲವೇ ಹತ್ತು ಅಡಿ.